ಅಟ್ಟದ ಕೆಳಗಿನ ಕಂಪ್ಯೂಟರ್

"ನೀನು ಹುಡುಕಿದ್ರೂ ತಪ್ಪು ಸಿಗದ ಹಾಗೆ ಒಂದು ಕೆಲಸ ಮಾಡಿಕೊಡ್ತೀನಿ ಜೀವಿತಾ. ಒಂದೇ ಒಂದು. ಇದು ನನ್ನ ಮಾತು."

ತುರುವೇಕೆರೆಯ ಕಾಲೇಜಿನ ಲ್ಯಾಬಿನಲ್ಲಿ ನಿಂತು ಜ್ಞಾನೇಶ್ ಹಾಗೆ ಹೇಳಿ ವರ್ಷಗಳೇ ಆಗಿವೆ. ಆಗ ಅವನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಮೇಜಿನ ಮೇಲೆ ಸುಟ್ಟ ವಾಸನೆ ಬರುತ್ತಿದ್ದ ಕಂಪ್ಯೂಟರ್ ಇತ್ತು. ಸ್ಪೀಡ್ ಹೆಚ್ಚು ಮಾಡ್ತೀನಿ ಅಂತ, ಯಾರೂ ಕೇಳದೇ ಇದ್ದರೂ, ಅದನ್ನು ಬಿಚ್ಚಿದ್ದ. ಅದರೊಳಗೆ ಜೀವಿತಾಳ ಇಡೀ ವರ್ಷದ ಪ್ರಾಜೆಕ್ಟ್ ಇತ್ತು.

ಅವಳು ಬೈಯಲಿಲ್ಲ. ಒಂದು ಸಲ ಅವನನ್ನು ಮೇಲಿಂದ ಕೆಳಗೆ ನೋಡಿದಳು, ಬೂಷ್ಟು ಹಿಡಿದ ಕೊಬ್ಬರಿಯನ್ನು ರಾಶಿಯಿಂದ ಆಚೆ ತೆಗೆದು ಹಾಕುವವರು ನೋಡುತ್ತಾರಲ್ಲ, ಹಾಗೆ. ಬ್ಯಾಗ್ ಎತ್ತಿಕೊಂಡು ಹೊರಟಳು.

ಅವತ್ತಿನಿಂದ ಅವನ ಜೊತೆ ಮಾತಿಲ್ಲ.

ಅದಕ್ಕೆ ಮೊದಲು ಅವನ ಮೇಲೆ ಅವಳಿಗೆ ಏನೋ ಒಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳದೇ ಇದ್ದದ್ದೇ ಒಳ್ಳೆಯದಾಯಿತು ಎಂದುಕೊಂಡಳು. ಸುಮ್ಮನಿದ್ದ ಯಂತ್ರವನ್ನು ಬಿಚ್ಚಿ ಹಾಳು ಮಾಡುವವನು ಸಂಸಾರವನ್ನು ಬಿಡುತ್ತಾನಾ...

ಅಂಥವನ ಕಂಪ್ಯೂಟರ್ ಅಂಗಡಿಗೇ ಈಗ ಅವಳು ಬಂದು ನಿಂತಿದ್ದಳು.

ಬೇರೆ ದಾರಿ ಇರಲಿಲ್ಲ. ಮದುವೆ ಆಲ್ಬಮ್ ಡಿಸೈನ್ ಮಾಡುವುದು ಅವಳ ಕೆಲಸ. ದಂಡಿನಶಿವರದ ಮನೆಯಲ್ಲಿ ಕೂತು, ತಿಪಟೂರಿನ ಸ್ಟುಡಿಯೋದವರು ಕಳಿಸಿದ ಫೋಟೋಗಳಲ್ಲಿ ಮದುಮಗನನ್ನು ಚಂದ್ರನೊಳಗೂ ಮದುಮಗಳನ್ನು ಕಮಲದೊಳಗೂ ಕೂರಿಸುವುದು. ಹಾಗೆ ಕೂರಿಸಿ ಅಂತ ಕೇಳುವವರ ಬಗ್ಗೆ ಅವಳಿಗೆ ಎಳ್ಳಷ್ಟೂ ಗೌರವವಿರಲಿಲ್ಲ. ಆದರೆ ಕೆಲಸ ಅವಳದು, ಅದರ ದುಡಿಮೆಯೂ ಅವಳದು. ಹಳೆಯ ಲ್ಯಾಪ್‌ಟಾಪ್ ಯುಗಾದಿಗೆ ಮೊದಲೇ ಕಣ್ಣು ಮುಚ್ಚಿತ್ತು. ತಿಪಟೂರಿನ ಅಂಗಡಿಗಳಲ್ಲಿ ರೆಡಿ ಕಂಪ್ಯೂಟರ್ ಪೆಟ್ಟಿಗೆ ತೋರಿಸಿ "ಇದೇ ಬೆಸ್ಟು ಮೇಡಂ" ಅಂದಿದ್ದರು. ಒಳಗೆ ಯಾವ ಮದರ್‌ಬೋರ್ಡು ಎಂದು ಕೇಳಿದರೆ "ಒಳ್ಳೇ ಬೋರ್ಡು" ಅಂದಿದ್ದರು. ನಾವು ಹೇಳಿದ ಭಾಗಗಳನ್ನೇ ತರಿಸಿ ಜೋಡಿಸಿ ಕೊಡುವವನು ಈ ಸುತ್ತಿನಲ್ಲಿ ಇವನೊಬ್ಬನೇ.

ಜ್ಞಾನೇಶ್ ತಲೆ ಎತ್ತಿದ. ಅವನ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು.

ಅವಳ ಎದೆಯೂ ಒಂದು ಸಲ ಹೊಡೆದುಕೊಂಡಿತು. 'ಥೂ, ಇವನಿಗಾ...' ಎಂದುಕೊಂಡು ಪಕ್ಕದಲ್ಲಿದ್ದ ತಾಯಿ ಮೀನಾಕ್ಷಮ್ಮನ ಕಡೆ ತಿರುಗಿದಳು.

"ಅಮ್ಮ, ಅಂಗಡಿಯೋರು ಬೋರ್ಡಿನ ಚಿಪ್‌ಸೆಟ್ ಯಾವುದು ಹಾಕ್ತಾರಂತೆ, ಕೇಳು."

ಮೀನಾಕ್ಷಮ್ಮ ಮಗಳನ್ನು ನೋಡಿದರು, ಎದುರಿಗೆ ನಿಂತವನನ್ನು ನೋಡಿದರು. "ಇಲ್ಲೇ ನಿಂತವ್ನಲ್ಲೇ. ನೀನೇ ಕೇಳು."

"ನೀನೇ ಕೇಳಮ್ಮ."

"ಅದೇನೋ ಸೆಟ್ಟು ಅಂತೆ ಕಣಪ್ಪ. ಯಾವುದು ಹಾಕ್ತೀಯ?"

ಆಲ್ಬಮ್ ಕೆಲಸಕ್ಕಾದರೆ ಎ ಸೀರೀಸಿನ ಅಗ್ಗದ ಬೋರ್ಡೇ ಧಾರಾಳ, ಅದಕ್ಕಿಂತ ಮೇಲಿನದು ದಂಡ ಎಂದು ಜ್ಞಾನೇಶ್ ಮೀನಾಕ್ಷಮ್ಮನಿಗೆ ಹೇಳಿದ. ವಿನಯದಿಂದೇನೂ ಅಲ್ಲ. ಗಿರಾಕಿಗೆ ಏನೂ ಗೊತ್ತಿರುವುದಿಲ್ಲ ಅನ್ನುವುದು ಅವನ ವ್ಯಾಪಾರದ ಮೊದಲ ಪಾಠ.

ಅಷ್ಟರಲ್ಲಿ ಮೀನಾಕ್ಷಮ್ಮನಿಗೆ ಮೊಬೈಲ್ ನೆನಪಾಯಿತು. ಉಜ್ವಲ್ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದ. ಉಜ್ವಲ್ ಎಂದರೆ ತಿಪಟೂರಿನ ಕೊಬ್ಬರಿ ಮಂಡಿಯವರ ಮಗ. ಜೀವಿತಾಳನ್ನು ಕೇಳಿಕೊಂಡು ಬಂದಿದ್ದ ಸಂಬಂಧ. ಅವನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇರಲಿಲ್ಲ. ಏಕೆಂದರೆ ಎಲ್ಲದರ ವೀಡಿಯೋವನ್ನೂ ಅವನು ಅರ್ಧದವರೆಗೆ ನೋಡಿರುತ್ತಿದ್ದ.

ಮೊಬೈಲಿನಿಂದ ಅವನ ದನಿ ಅಂಗಡಿ ತುಂಬಿತು. "ಆಂಟಿ, ಪ್ರೊಸೆಸರ್ ಮಾತ್ರ ಟಾಪ್ ಮಾಡೆಲ್ಲೇ ಇರ್ಲಿ. ಬೋರ್ಡು ಯಾವುದಾದ್ರೂ ನಡೀತದೆ, ಒಳಗಿರೋದು ತಾನೆ, ಯಾರು ನೋಡ್ತಾರೆ? ಗಾಜಿನ ಕ್ಯಾಬಿನೆಟ್ ಹಾಕ್ಸಿ, ಬಣ್ಣದ ಲೈಟ್ ಬರೋ ಫ್ಯಾನು. ಬಂದೋರು ನೋಡ್ದಾಗ ಒಂದು ಲುಕ್ ಇರ್ಬೇಕು."

ಜ್ಞಾನೇಶ್ ನಕ್ಕೇಬಿಟ್ಟ. "ಹದಿನೈದು ಎಚ್‌ಪಿ ಮೋಟರ್ ತಂದು ಒಂದಿಂಚು ಪೈಪಿಗೆ ಕಟ್ಟೋ ಜನ."

ಜೀವಿತಾಳ ಮನಸ್ಸಿಗೂ ಸರಿಯಾಗಿ ಅದೇ ಮಾತು ಬಂದಿತ್ತು. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು. 'ನಗ್ತಾನೆ... ನಾನೂ ಇಂಥವಳೇ ಅಂದ್ಕೊಂಡಿದಾನೆ.'

"ಅಮ್ಮ, ಅವರಿಗೆ ಹೇಳು," ಎಂದಳು, ಗೋಡೆಯ ಕ್ಯಾಲೆಂಡರ್ ನೋಡುತ್ತಾ. "ಪ್ರೊಸೆಸರ್ ನಡುಮಟ್ಟದ್ದು ಸಾಕು, ಗ್ರಾಫಿಕ್ಸ್ ಅದರೊಳಗೇ ಇರೋದು. ಬೋರ್ಡು ಮಾತ್ರ ಬಿ ಸೀರೀಸ್ ಚಿಪ್‌ಸೆಟ್ಟಿಂದು. ಎ ಸೀರೀಸಿನ ಕಡಿಮೆ ಬೋರ್ಡುಗಳಲ್ಲಿ ಪ್ರೊಸೆಸರಿಗೆ ಕರೆಂಟು ಕೊಡೋ ಭಾಗ ಬೋಳುಬೋಳಾಗಿರುತ್ತೆ. ಬೇಸಿಗೆ ಮಧ್ಯಾಹ್ನ, ನಮ್ಮೂರಿನ ವೋಲ್ಟೇಜಲ್ಲಿ, ಇಡೀ ದಿನ ಓಡಿಸಿದ್ರೆ ಕಾದು ನಿಧಾನ ಆಗುತ್ತೆ. ನಂಗೆ ಅದರ ಮೇಲೆ ಕಾವು ಎಳ್ಕೊಳ್ಳೋ ದಪ್ಪ ಹೀಟ್‌ಸಿಂಕ್ ಇರೋದೇ ಬೇಕು. ಮೆಮೊರಿಗೆ ನಾಲ್ಕು ಜಾಗ ಬೇಕು. ನಾಳೆ ಬರೋ ಪ್ರೊಸೆಸರ್ ಕೂಡ ಅದೇ ಸಾಕೆಟ್ಟಿಗೆ ಕೂರಬೇಕು. ಲೈಟು ಬೇಡ. ಲೈಟು ಬೇಕಾದೋರು ಆರ್ಕೆಸ್ಟ್ರಾಕ್ಕೆ ಹೋಗ್ಲಿ."

ಮೀನಾಕ್ಷಮ್ಮ ಬಾಯಿ ತೆರೆದು ಮಗಳನ್ನೇ ನೋಡುತ್ತಿದ್ದರು. "ಇಷ್ಟೆಲ್ಲ ನಾನು ಹೆಂಗೆ ಹೇಳ್ಲೇ?"

"ಬೇಡ ಅಮ್ಮಾ, ಕೇಳಿಸ್ತು," ಎಂದ ಜ್ಞಾನೇಶ್. ನಗು ಹೋಗಿತ್ತು. "ಬಿ ಸೀರೀಸೇ ತರಿಸ್ತೀನಿ ಅಂತ ಹೇಳಿ ಅವರಿಗೆ."

ಅವಳು ಹೊರಡುವಷ್ಟರಲ್ಲಿ ಟೀ ಆರಿತ್ತು. ಅವನು ಆರಿದ್ದನ್ನೇ ಕುಡಿದ.

ಮನೆಯಲ್ಲಿ ತಂದೆ ಶಂಭುಲಿಂಗಯ್ಯ ತಮ್ಮ ತೀರ್ಮಾನವನ್ನು ಊಟದ ಮನೆಯಲ್ಲೇ ಕೊಟ್ಟಾಗಿತ್ತು. ಅವರ ಪ್ರಕಾರ ದುಡಿಮೆ ಎಂದರೆ ಕಾಯಿ. ಅಟ್ಟಕ್ಕೆ ಏರಿಸಿ, ವರ್ಷ ಕಾದು, ಒಳಗಿನ ಕೊಬ್ಬರಿ ಗಡಗಡ ಅಂದಾಗ ಇಳಿಸುವುದು. ಚಂದ್ರನೊಳಗೆ ಮದುಮಗನನ್ನು ಕೂರಿಸುವುದು ದುಡಿಮೆಯಲ್ಲ.

"ಮದುವೆ ಸೀಸನ್ ಮುಗಿಯೋಗಂಟ ನೋಡ್ತೀನಿ ಕಣಮ್ಮ. ಒಂದೇ ಒಂದು ಆಲ್ಬಮ್ ತಡ ಆಯ್ತು ಅಂತ ಸ್ಟುಡಿಯೋದೋರು ಫೋನ್ ಮಾಡಿದ್ರೂ, ಅಲ್ಲಿಗೆ ಮುಚ್ಚು. ಉಜ್ವಲ್ ಮನೇರಿಗೆ ಹೂಂ ಅಂತೀನಿ."

ಅವಳು ಒಪ್ಪಿದಳು. ಅಂದರೆ ಅವಳ ಇಡೀ ಮುಂದಿನ ಬದುಕು ಒಂದು ಬೋರ್ಡು ಮತ್ತು ಒಂದು ಪ್ರೊಸೆಸರಿನ ಮೇಲೆ ಕೂತಿತು. ಅದನ್ನು ಜೋಡಿಸಬೇಕಾದವನು ಜಗತ್ತಿನಲ್ಲಿ ಅವಳು ನಂಬದ ಏಕೈಕ ಮನುಷ್ಯ.

ಕಂಪ್ಯೂಟರನ್ನು ಜ್ಞಾನೇಶನೇ ತಂದ. ಇಡುವುದಕ್ಕೆ ಇದ್ದದ್ದು ಅಟ್ಟದ ಕೆಳಗಿನ ಕೋಣೆ ಒಂದೇ. ಮೇಲೆ ಹಲಗೆಯ ಅಟ್ಟ, ಅದರ ತುಂಬ ಒಣಗುತ್ತಿದ್ದ ಕಾಯಿ. ಅವನು ಮೇಲೆ ನೋಡಿ ಮುಖ ಸಿಂಡರಿಸಿದ. ಈ ನಾರಿನ ಧೂಳಿನಲ್ಲಿ ಬೇಡ, ಬೇರೆ ಕಡೆ ಇಡಿ ಎಂದು ಮೀನಾಕ್ಷಮ್ಮನಿಗೆ ಹೇಳಿದ. ಬೇರೆ ಕೋಣೆಯಲ್ಲಿ ಗೊಬ್ಬರದ ಚೀಲ ಇದೆ ಎಂದು ಜೀವಿತಾ ಬಾಗಿಲಿಗೆ ಹೇಳಿದಳು.

ಅವನು ಮುಂಭಾಗಕ್ಕೆ ಸಣ್ಣ ಜಾಲರಿ ಕೂರಿಸಿದ. ವೈರುಗಳನ್ನೆಲ್ಲ ಹಿಂದೆ ಕಟ್ಟಿದ. ಒಂದೊಂದು ಸ್ಕ್ರೂವನ್ನೂ ಎರಡು ಸಲ ಮುಟ್ಟಿ ನೋಡಿದ. ಅವಳು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ನೋಡಬಾರದು ಎಂದುಕೊಂಡೇ ನೋಡುತ್ತಿದ್ದಳು. ಆ ಬೆರಳುಗಳಿಗೆ ಈಗ ಆತುರವಿರಲಿಲ್ಲ...

ಹೋಗುವಾಗ ಅವನು ಹೇಳಿದ್ದು ಒಂದೇ. ಎಷ್ಟೇ ಸೆಕೆಯಾದರೂ ಕಂಪ್ಯೂಟರಿನ ಪಕ್ಕದ ಬಾಗಿಲು ತೆಗೆಯಬಾರದು. ಮುಚ್ಚಿದ್ದರೇನೇ ಗಾಳಿ ಜಾಲರಿಯಿಂದ ಬಂದು ಹಿಂದಿನಿಂದ ಹೋಗುವುದು.

ಜೀವಿತಾಳ ಅಜ್ಜಿ ಹೊಂಬಾಳಮ್ಮ ಮೂಲೆಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. "ಹುಡ್ಗ ಅಚ್ಚುಕಟ್ಟು," ಎಂದರು.

"ಇವನಾ ಅಜ್ಜಿ? ಅಚ್ಚುಕಟ್ಟು ಅನ್ನೋ ಪದಕ್ಕೆ ನಾಚಿಕೆ ಆಗುತ್ತೆ," ಎಂದಳು ಜೀವಿತಾ, ಅವನ ಬೈಕು ಸ್ಟಾರ್ಟ್ ಆಗುವ ಮೊದಲು, ಅವನಿಗೆ ಕೇಳಿಸಲಿ ಎಂದೇ.

ಯಂತ್ರ ಓಡಿತು. ಎಷ್ಟು ದೊಡ್ಡ ಫೈಲ್ ತೆರೆದರೂ ತೊದಲಲಿಲ್ಲ. ಮೋಟರ್ ಹಾಕಿದಾಗ ಮನೆಯ ಬಲ್ಬು ಮಂಕಾಗುತ್ತಿತ್ತು, ಕಂಪ್ಯೂಟರ್ ಮಾತ್ರ ಲೆಕ್ಕಕ್ಕಿಡಲಿಲ್ಲ. ಆಲ್ಬಮ್ಮುಗಳು ಒಂದರ ಹಿಂದೆ ಒಂದು ಹೊತ್ತಿಗೆ ಸರಿಯಾಗಿ ಹೋದವು. ಆಯ್ಕೆ ನನ್ನದಲ್ಲವಾ, ಅದಕ್ಕೇ, ಎಂದುಕೊಂಡಳು. ಜೋಡಿಸಿದವನ ಹೆಸರು ಮನಸ್ಸಿಗೆ ಬಂದಾಗಲೆಲ್ಲ ಅದನ್ನು ಆಚೆ ಕಳಿಸಿದಳು. ಅದು ಮತ್ತೆ ಮತ್ತೆ ಬರುತ್ತಿತ್ತು, ಬಾಗಿಲಲ್ಲಿ ನಿಂತ ನಾಯಿಮರಿಯ ಹಾಗೆ.

ಬೇಸಿಗೆ ಏರಿತು. ಒಂದು ಮಧ್ಯಾಹ್ನ ಸೆಕೆ ತಡೆಯಲಾರದೆ ಅವಳು ಕಂಪ್ಯೂಟರಿನ ಪಕ್ಕದ ಬಾಗಿಲು ಬಿಚ್ಚಿ ಗೋಡೆಗೆ ಒರಗಿಸಿದಳು. 'ತೆಗೀಬಾರದಂತೆ. ಇವನೇನು ದೇವರಾ?'

ಆ ವಾರವೇ ಶಂಭುಲಿಂಗಯ್ಯ ಅಟ್ಟದಿಂದ ಕಾಯಿ ಇಳಿಸಿ ಸುಲಿಸಿದರು. ಅಂಗಳದಲ್ಲಿ ಸಿಪ್ಪೆಯ ರಾಶಿ, ಮನೆಯೊಳಗೆಲ್ಲ ಕಂದು ಧೂಳು. ಅದಾದ ಮೇಲೆ ಕಂಪ್ಯೂಟರ್ ಕಿರ್ ಅನ್ನತೊಡಗಿತು. ಒಂದೆರಡು ದಿನ ಕಿರುಗುಟ್ಟಿ ಆಮೇಲೆ ತಾನೇ ಸುಮ್ಮನಾಯಿತು. ಸರಿಹೋಯಿತು ಎಂದುಕೊಂಡು ಅವಳು ಕೆಲಸ ಮುಂದುವರಿಸಿದಳು.

ಮುಂದಿನ ವಾರ, ಮಾಯಸಂದ್ರದ ಒಂದು ಮದುವೆಯ ಆಲ್ಬಮ್ ಸಂಜೆಯೊಳಗೆ ತಿಪಟೂರಿಗೆ ಹೋಗಬೇಕಾಗಿದ್ದ ದಿನ, ಮಧ್ಯಾಹ್ನ ಪರದೆ ಕಪ್ಪಾಯಿತು. ಮತ್ತೆ ಹಾಕಿದಳು. ಸ್ವಲ್ಪ ಹೊತ್ತು ಓಡಿ ಮತ್ತೆ ಆರಿಹೋಯಿತು.

ಹೊರಗೆ ಜಗಲಿಯಲ್ಲಿ ಉಜ್ವಲ್ ಬೇರೆ ಇದ್ದ. ಕೊಬ್ಬರಿ ನೋಡುವ ನೆಪದಲ್ಲಿ ಬಂದು, ಅಪ್ಪನ ಜೊತೆ ಕಾಫಿ ಕುಡಿಯುತ್ತಿದ್ದ.

ಅವಳು ಫೋನ್ ತೆಗೆದು ಆ ನಂಬರ್ ಒತ್ತಿದಳು. ಅಮ್ಮನನ್ನು ಕರೆಯುವಷ್ಟು ವ್ಯವಧಾನ ಇರಲಿಲ್ಲ.

"ನಿನ್ನ ಕೈಗುಣ ನೋಡು ಬಾ," ಎಂದಳು. "ಕೆಟ್ಟು ಕೂತಿದೆ."

ಇಷ್ಟು ವರ್ಷದಲ್ಲಿ ಅವಳು ಅವನ ಜೊತೆ ಆಡಿದ ಮೊದಲ ಮಾತು ಅದು. ತುರುವೇಕೆರೆಯಲ್ಲಿ ಫೋನ್ ಹಿಡಿದು ನಿಂತ ಜ್ಞಾನೇಶನಿಗೆ ಕಣ್ಣು ತುಂಬಿತು. ಬೈದಳು, ನಿಜ. ಆದರೆ ಮಾತಾಡಿದಳು... ಬೇಕಾಗಬಹುದಾದ ಬಿಡಿಭಾಗಗಳನ್ನೆಲ್ಲ ಚೀಲಕ್ಕೆ ತುಂಬಿ, ಅಂಗಡಿಯ ಬಾಗಿಲು ಅರ್ಧ ಎಳೆದು ಬೈಕ್ ಹತ್ತಿದ.

ಅವನು ಬಂದು ಕಂಪ್ಯೂಟರಿನ ಮುಂದೆ ಕೂರುವಷ್ಟರಲ್ಲಿ, ಸಂಜೆಗೆ ಆಲ್ಬಮ್ ಬರುತ್ತೆ ತಾನೆ ಎಂದು ಕೇಳಲು ಸ್ಟುಡಿಯೋದವರ ಫೋನ್ ಬಂತು. ಜೀವಿತಾ ಸಿಗ್ನಲ್ ಹುಡುಕಿಕೊಂಡು ಹಿತ್ತಲಿಗೆ ಹೋದಳು.

ಅವನು ನೋಡಿದ. ಪಕ್ಕದ ಬಾಗಿಲು ಗೋಡೆಗೆ ಒರಗಿತ್ತು. ಪ್ರೊಸೆಸರಿನ ಮೇಲಿನ ಫ್ಯಾನು ತಿರುಗುತ್ತಿರಲಿಲ್ಲ. ಅದರ ನಡುವೆ ಕಂದು ಬಣ್ಣದ ಮುದ್ದೆ, ಮುಟ್ಟಿದರೆ ಜಿಡ್ಡು. ಬೆರಳನ್ನು ಮೂಗಿಗೆ ಹಿಡಿದ. ಕೊಬ್ಬರಿ ಎಣ್ಣೆ.

ಮೂಲೆಯಿಂದ ಹೊಂಬಾಳಮ್ಮ ಅವನನ್ನೇ ನೋಡುತ್ತಿದ್ದರು. ಆ ಮನೆಯಲ್ಲಿ ಕಿರುಗುಟ್ಟುವುದಕ್ಕೆಲ್ಲ ಅವರು ಇಡೀ ಆಯಸ್ಸು ಎಣ್ಣೆ ಬಿಟ್ಟಿದ್ದರು. ಬಾಗಿಲ ತಿರುಗಣೆಗೆ, ಹೊಲಿಗೆ ಮಿಷನ್ನಿಗೆ, ತೊಟ್ಟಿಲ ಕೊಂಡಿಗೆ. ಇದಕ್ಕೂ ಬಿಟ್ಟಿದ್ದರು, ಸದ್ದು ನಿಂತ ಮೇಲೂ, ನಾಲ್ಕು ದಿನ ಬಿಡದೆ. ನಾರಿನ ಧೂಳು ಆ ಎಣ್ಣೆಗೆ ಮೆತ್ತಿ ಗಟ್ಟಿಯಾಗಿತ್ತು.

"ನಾನೇ ಕಣಪ್ಪ," ಎಂದರು ಮೆಲ್ಲಗೆ. "ಕಿರ್ ಅಂತಿತ್ತು ಅಂತ ಬುಟ್ಟೆ. ಅವಳಿಗೆ ಹೇಳ್ಬ್ಯಾಡ. ಬೈದ್ರೆ ತಡ್ಕತೀನಿ. ಅವಳು ಬೈಯಾಕಿಲ್ಲ. ಮಾತು ಬುಟ್ಟುಬುಡ್ತಾಳೆ."

ಅವಳು ಮಾತು ಬಿಟ್ಟರೆ ಹೇಗಿರುತ್ತದೆ ಎಂದು ಜ್ಞಾನೇಶನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಫ್ಯಾನು ಬಿಚ್ಚಿ, ಆ ಮುದ್ದೆಯನ್ನು ಒರೆಸಿ, ಬಟ್ಟೆಯನ್ನು ಜೇಬಿಗೆ ತುರುಕಿದ. ತಂದಿದ್ದ ಹೊಸ ಫ್ಯಾನು ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಜೀವಿತಾ ಒಳಗೆ ಬಂದಳು. ಹಿಂದೆಯೇ ಶಂಭುಲಿಂಗಯ್ಯ, ಉಜ್ವಲ್.

"ಪ್ರೊಸೆಸರ್ ಚಿಕ್ದಾಯ್ತು ಅಂಕಲ್," ಎಂದ ಉಜ್ವಲ್, ಏನಾಗಿದೆ ಎಂದು ನೋಡುವುದಕ್ಕೂ ಮೊದಲು. "ನಾನು ಹೇಳಿರ್ಲಿಲ್ವಾ? ಟಾಪ್ ಮಾಡೆಲ್ ಹಾಕಿದ್ರೆ ಹಿಂಗಾಗ್ತಿತ್ತಾ?"

"ಪ್ರೊಸೆಸರಿಗೂ ಬೋರ್ಡಿಗೂ ಏನೂ ಆಗಿಲ್ಲ," ಎಂದ ಜ್ಞಾನೇಶ್. "ಕಾದಾಗ ತಾನೇ ಆಫ್ ಆಗಿ ಉಳ್ಕೊಂಡಿದೆ. ಅವರು ಆರಿಸಿದ್ದು ಸರಿಯಾಗೇ ಇತ್ತು. ಫ್ಯಾನು ನಾನು ಸರಿಯಾಗಿ ಕೂರಿಸಿರ್ಲಿಲ್ಲ. ತಪ್ಪು ನನ್ದು."



ಜೀವಿತಾಳಿಗೆ ಗೆದ್ದ ಹಾಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಇವನು ಈ ಸಲವಾದರೂ... ಎಂದು ತಾನು ಒಳಗೊಳಗೇ ಕಾಯುತ್ತಿದ್ದೆ ಎನ್ನುವುದು ಅವಳಿಗೇ ಆಗ ಗೊತ್ತಾಯಿತು. ಅದಕ್ಕೇ ಮಾತು ಇನ್ನಷ್ಟು ಹರಿತವಾಗಿ ಬಂತು.

"ಒಂದೇ ಒಂದು ಕೆಲಸ ಅಂದಿದ್ದೆ."

"ಅಂದಿದ್ದೆ."

"ಅದೂ ಆಗ್ಲಿಲ್ಲ ನಿನ್ನ ಕೈಲಿ."

ಅವನು ತಲೆ ಬಗ್ಗಿಸಿ ಫ್ಯಾನು ಕೂರಿಸಿದ. ಪಕ್ಕದ ಬಾಗಿಲು ಹಾಕಿ ಸ್ಕ್ರೂ ಬಿಗಿದ. ಇಂಥವರನ್ನೆಲ್ಲ ಮನೆಯೊಳಗೆ ಬಿಟ್ಟುಕೊಂಡರೆ ಹೀಗೇ ಆಗುವುದು ಎಂದು ಉಜ್ವಲ್ ನಗುತ್ತಿದ್ದ. ಎಲ್ಲ ಬಲ್ಲ ಮೇಷ್ಟ್ರಂತೆ ಕೈ ಕಟ್ಟಿ ನಿಂತ ಅವನನ್ನು ಜೀವಿತಾ ನೋಡಿದಳು. ಚಿಪ್‌ಸೆಟ್ ಎಂದರೇನು, ಒಂದು ಸಲ ಹೇಳಿ ಎಂದು ಕೇಳಿದಳು. ಅದು ಪ್ರೊಸೆಸರಿಗೆ ಹಾಕುವ ಮುಚ್ಚಳ ಎಂದ ಉಜ್ವಲ್, ಒಂದು ಚೂರೂ ತಡವರಿಸದೆ. ಬೋರ್ಡಿನ ಭಾಗಗಳನ್ನೆಲ್ಲ ಪ್ರೊಸೆಸರಿಗೆ ಬೆಸೆಯುವ ಚಿಪ್ಪು ಅವನ ಬಾಯಲ್ಲಿ ಮುಚ್ಚಳವಾಗಿತ್ತು. ಅವಳು ಮುಖ ತಿರುಗಿಸಿ ಕೂತು ಕೆಲಸ ಶುರು ಮಾಡಿದಳು. ಅಲ್ಲಿಗೆ ಆ ಸಂಬಂಧ ಅವಳ ಮಟ್ಟಿಗೆ ಮುಗಿಯಿತು.

ಆಲ್ಬಮ್ ಸಂಜೆಯೊಳಗೆ ಹೋಯಿತು. ಆ ಸೀಸನ್ನಿನಲ್ಲಿ ಒಂದೂ ತಡವಾಗಲಿಲ್ಲ. ಶಂಭುಲಿಂಗಯ್ಯ ಕೊಟ್ಟ ಮಾತಿಗೆ ಕಟ್ಟುಬಿದ್ದು ಉಜ್ವಲ್ ಮನೆಯವರಿಗೆ ಬೇಡವೆಂದು ಹೇಳಿದರು. ಹೇಳುವಾಗ ಅವರ ಮುಖ ಕಹಿಯಾಗಿತ್ತು, ಅದು ಬೇರೆ ಮಾತು.

ಜೀವಿತಾಳ ಮನಸ್ಸು ಮಾತ್ರ ಹಗುರಾಗಲಿಲ್ಲ. ಜ್ಞಾನೇಶ್ ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ. 'ಮಾಡಿ ಏನು ಹೇಳ್ಲಿ... ಫ್ಯಾನು ಕೂರಿಸೋಕೆ ಬರದವನಿಗೆ...'

ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಕೋಣೆಗೆ ಬಂದರೆ ಹೊಂಬಾಳಮ್ಮ ಕಂಪ್ಯೂಟರಿನ ಹಿಂದೆ ಬಗ್ಗಿ ನಿಂತಿದ್ದರು. ಒಂದು ಕೈಯಲ್ಲಿ ಎಣ್ಣೆಯ ಬಟ್ಟಲು, ಇನ್ನೊಂದರಲ್ಲಿ ಹತ್ತಿಯ ಬತ್ತಿ. ಹಿಂದಿನ ಜಾಲರಿಯ ಸಂದಿಯಿಂದ ಬತ್ತಿಯನ್ನು ಒಳಗೆ ತೂರಿಸಲು ನೋಡುತ್ತಿದ್ದರು.

"ಅಜ್ಜಿ, ಏನ್ ಮಾಡ್ತಿದೀಯ?"

ಅಜ್ಜಿ ಬೆಚ್ಚಿದರು. "ಒಂದೇ ತೊಟ್ಟು ಕಣೇ. ಹೋದ್ಸಲ ಜಾಸ್ತಿ ಆಗಿ ನಿಂತೋಯ್ತಲ್ಲ, ಅದಕ್ಕೇ ಈ ಸಲ..."

ಹೇಳಿಬಿಟ್ಟೆ ಎಂದು ಗೊತ್ತಾಗಿ ಬಾಯಿ ಮುಚ್ಚಿಕೊಂಡರು.

ಜೀವಿತಾ ಅಲ್ಲೇ ಕೂತಳು. ಹೋದ ಸಲ... ಫ್ಯಾನು... ಎಣ್ಣೆ. ತಾನೇ ಬಿಚ್ಚಿಟ್ಟಿದ್ದ ಆ ಬಾಗಿಲು. ಅದು ಮುಚ್ಚಿದ್ದರೆ ಧೂಳೂ ಇಲ್ಲ, ಅಜ್ಜಿಯ ಕೈಯೂ ಹೋಗುತ್ತಿರಲಿಲ್ಲ. ಗೋಡೆಗೆ ಒರಗಿದ್ದ ಬಾಗಿಲನ್ನು ಅವನು ನೋಡಿದ್ದ. ನೋಡಿ, ತಪ್ಪು ನನ್ನದು ಎಂದಿದ್ದ, ಆ ಉಜ್ವಲನ ಎದುರಿಗೆ.

"ಅವನಿಗೆ ಗೊತ್ತಿತ್ತಾ ಅಜ್ಜಿ?"

"ನಾನೇ ಕೇಳ್ಕಂಡೆ. ನಿಂಗೆ ಹೇಳ್ಬ್ಯಾಡ ಅಂತ."

"ಯಾಕೆ? ನಾನೇನು ನಿನ್ನ ಹೊಡೀತಿದ್ನಾ?"

ಹೊಂಬಾಳಮ್ಮ ಬಟ್ಟಲನ್ನು ಸೆರಗಿನಡಿ ಇಟ್ಟುಕೊಂಡರು. "ನಿನ್ ಮಾತಿಲ್ದೆ ಇರಕ್ಕಾಗಲ್ಲ ಕಣೇ ನಂಗೆ. ಹೋದ್ವರ್ಷ ನಿನ್ ಫೋನು ನೀರಿಗೆ ಬೀಳ್ಸಿದ್ನಲ್ಲ, ಹಬ್ಬ ಬರೋಗಂಟ ನೀನು ನನ್ ಮಕ ನೋಡ್ಲಿಲ್ಲ."

ಜೀವಿತಾಳಿಗೆ ಅದು ನೆನಪೇ ಇರಲಿಲ್ಲ. ಅಜ್ಜಿಗೆ ನೆನಪಿತ್ತು.

ಇಷ್ಟು ದಿನ ಊರನ್ನೆಲ್ಲ ಅಳೆದ ತಾತ್ಸಾರ ಒಮ್ಮೆಗೇ ಅವಳ ಕಡೆಗೇ ತಿರುಗಿತು. ಬೈಯದೇ ಇರುವುದು ದೊಡ್ಡತನ ಎಂದುಕೊಂಡಿದ್ದಳು. ಎಂಥ ದೊಡ್ಡತನ... ಸ್ವಂತ ಅಜ್ಜಿ ಹೆದರಿಕೊಂಡು ಎಣ್ಣೆಯ ಬಟ್ಟಲು ಬಚ್ಚಿಡುವಂಥದ್ದು.

ಅಜ್ಜಿಯನ್ನು ತಬ್ಬಿಕೊಂಡಳು. ಎಣ್ಣೆ ಇಬ್ಬರ ಮೈಮೇಲೂ ಚೆಲ್ಲಿತು. ಅದನ್ನು ಒರೆಸಿಕೊಂಡು, ಸೀರೆ ಬದಲಾಯಿಸಿದ ಅಜ್ಜಿಗೆ ತಾನೇ ಕಾಫಿ ಮಾಡಿ ಕೊಟ್ಟು, ತುರುವೇಕೆರೆ ಬಸ್ಸು ಹತ್ತಿದಳು. ಒಬ್ಬಳೇ.

ಜ್ಞಾನೇಶ್ ಯಾರದೋ ಕೀಬೋರ್ಡಿನ ಗುಂಡಿಗಳನ್ನು ಕಿತ್ತು ತೊಳೆಯುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ. ಅವಳ ಹಿಂದೆ ಯಾರೂ ಇಲ್ಲವೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಮತ್ತೆ ಕೆಟ್ಟಿತಾ?"

"ಇಲ್ಲ. ಅಜ್ಜಿ ಎಲ್ಲ ಹೇಳಿದ್ರು."

ಅವನು ನೋಟ ತಪ್ಪಿಸಿದ.

"ಯಾಕೆ ಸುಳ್ಳು ಹೇಳ್ದೆ ಜ್ಞಾನೇಶ್? ಅವನ ಮುಂದೆ, ಅಪ್ಪನ ಮುಂದೆ. ನಿನಗೆ ಮರ್ಯಾದೆ ಬೇಡ್ವಾ?"

"ಅಜ್ಜಿಗೆ ನಿನ್ನ ಮಾತು ಬೇಕಿತ್ತು." ಕೈಯಲ್ಲಿದ್ದ ಗುಂಡಿಗಳನ್ನು ನೋಡುತ್ತಾ ಹೇಳಿದ, "ಅದಿಲ್ದೆ ಇರೋದು ಹೆಂಗೆ ಅಂತ ನಂಗೆ ಅಭ್ಯಾಸ ಆಗಿತ್ತು. ಅವರಿಗೆ ಈ ವಯಸ್ಸಲ್ಲಿ ಯಾಕೆ ಆ ಕಷ್ಟ?"

ಬರುವಾಗ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಜೀವಿತಾ ಅಲ್ಲೇ ಕೈಬಿಟ್ಟಳು.

"ನಾನು ಕೆಟ್ಟವಳು ಅಲ್ವಾ..."

"ಕಹಿ. ಕೆಟ್ಟವಳಲ್ಲ."

"ಬಾಗಿಲು ತೆಗೆದಿಟ್ಟಿದ್ದು ನಾನು. ನೀನು ಬೇಡ ಅಂದಿದ್ದೆ ಅಂತಲೇ ತೆಗೆದೆ. ಆವತ್ತು ಲ್ಯಾಬಿಂದ ಬಂದ ಮೇಲೆ ಇಷ್ಟು ವರ್ಷ ನಿನ್ನ ಮೇಲೆ ಸಿಟ್ಟು ಇಟ್ಕೊಂಡೆ. ಬೇರೆ ಯಾರ ಮೇಲೂ ಅಷ್ಟು ದಿನ ಏನೂ ಇಟ್ಕೊಂಡಿಲ್ಲ ನಾನು. ಅದು ಬರೀ ಸಿಟ್ಟೇ ಆಗಿದ್ರೆ ಯಾವಾಗ್ಲೋ ಆರಿ ಹೋಗ್ತಿತ್ತು... ಅರ್ಥ ಆಯ್ತಾ, ಇನ್ನೂ ಬಿಡಿಸಿ ಹೇಳ್ಬೇಕಾ?"

ಜ್ಞಾನೇಶನಿಗೆ ಅರ್ಥವಾಗಿತ್ತು. ಕೈಯಲ್ಲಿದ್ದ ಒದ್ದೆ ಗುಂಡಿಗಳು ಒಂದೊಂದೇ ಮೇಜಿನ ಮೇಲೆ ಉದುರಿದವು.

"ನಂಗೂ ಅಷ್ಟೇ," ಎಂದ. "ಆವತ್ತಿಂದ. ಇವತ್ತಿಗೂ."

ಅವಳು ಕಣ್ಣು ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು. ಬರುವ ಸೋಮವಾರ ಮನೆಗೆ ಬಂದು ಅಪ್ಪನ ಹತ್ತಿರ ಮಾತಾಡಬೇಕು ಎಂದಳು. ಬರುತ್ತೇನೆ ಎಂದ. ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಾ, ಇದನ್ನೇ ಹಾಕಿಕೊಂಡು ಬಂದರೆ ನಾನೇ ಬಾಗಿಲು ಹಾಕುತ್ತೇನೆ ಎಂದಳು. ಅದಕ್ಕೂ ಹೂಂ ಎಂದ.

ಆಮೇಲೆ ಧೈರ್ಯ ಮಾಡಿ ಕೇಳಿದ. "ಈಗಲಾದ್ರೂ ಹೇಳು. ನಾನು ಜೋಡಿಸಿದ್ದರಲ್ಲಿ ಏನಾದ್ರೂ ತಪ್ಪಿದ್ಯಾ?"

ಜೀವಿತಾ ಯೋಚಿಸಿದಳು. ಬೋರ್ಡು, ಪ್ರೊಸೆಸರು, ಹಿಂದೆ ಕಟ್ಟಿದ ವೈರು, ಒಂದೊಂದು ಸ್ಕ್ರೂ... ಮನಸ್ಸಿನಲ್ಲೇ ಎಲ್ಲವನ್ನೂ ಬಿಚ್ಚಿ ನೋಡಿದಳು. ಬಹಳ ಹೊತ್ತು ಹುಡುಕಿದಳು. ಹುಡುಕುವುದರಲ್ಲಿ ಅವಳು ಯಾರಿಗೂ ರಿಯಾಯಿತಿ ತೋರಿಸುವವಳಲ್ಲ.

"ಅದರಲ್ಲಿ ಇಲ್ಲ," ಎಂದಳು ಕೊನೆಗೆ. "ನಿನ್ನಲ್ಲಿ ಬೇಕಾದಷ್ಟಿದೆ."

"ಅದನ್ನ ನಿಧಾನಕ್ಕೆ ಹೇಳು. ಕೂತು ಕೇಳ್ತೀನಿ."

"ದಿನಾ ಹೇಳ್ತೀನಿ. ಬೇಜಾರಾಗ್ಬಾರ್ದು."

"ಮಾತಾಡು ಸಾಕು."

ಅವತ್ತು ಲ್ಯಾಬಿನಲ್ಲಿ ಅವನು ಕೊಟ್ಟಿದ್ದ ಮಾತು ನಡೆಯಿತು.